ಫೌಜದಾರನ ಮೇವು

ಹಲ್ಲಿ ಲೊಚಗುಟ್ಟಿದರೆ ಊರಿನ ಉಳಿದ ಮನೆಗಳಲ್ಲಿ ಜನ ಚಿಟಿಕೆ ಹೊಡೆದು, ಶಿವ ಶಿವ ಎಂದು, ಮತ್ತೆ ತಮ್ಮ ಮಾತು ಮುಂದುವರಿಸುತ್ತಾರೆ. ಹುಬ್ಬಳ್ಳಿಯ ಹಳೇ ಪೇಟೆಯ ಶಿವಲೀಲವ್ವನ ಖಾನಾವಳಿಯಲ್ಲಿ ಮಾತ್ರ ಹಾಗಲ್ಲ. ಅಲ್ಲಿ ಹಲ್ಲಿ ಲೊಚಗುಟ್ಟಿದರೆ ಊಟಕ್ಕೆ ಕೂತವರೆಲ್ಲ ಎಡಗೈಯಿಂದ ಟೇಬಲ್ಲನ್ನು ಟಕಟಕ ಬಡಿಯುತ್ತಾರೆ. ಒಳಗೆ ಗ್ಯಾಸಿನ ಒಲೆ ಆರುತ್ತದೆ. ಸೊಸೆ ದಾನೇಶ್ವರಿ ಕೈಗೆ ಹತ್ತಿದ ಹಿಟ್ಟು ಕೊಡವಿ, ಮೂಲೆಯ ಚಾಪೆಯ ಮೇಲೆ ಹೋಗಿ ಮಲಗುತ್ತಾಳೆ. ಹೊಸಬರು ಯಾರಾದರೂ ಇದ್ದರೆ ಇದೇನು ಭಾನಗಡಿ ಎಂದು ಕಣ್ಣು ಕಣ್ಣು ಬಿಡುತ್ತಾರೆ. ಆಗ ಹಳಬರು ತುತ್ತು ನುಂಗಿ ಹೇಳುತ್ತಾರೆ: "ಏನಿಲ್ರಿ, ಫೌಜದಾರ ಸೀಟಿ ಊದಿದ. ಸ್ವಲ್ಪ ತಡೀರಿ, ರೊಟ್ಟಿ ಬರ್ತಾವ."

ಫೌಜದಾರ ಎಂದರೆ ಅಡುಗೆಮನೆಯ ಗೋಡೆಗೆ ಅಂಟಿಕೊಂಡೇ ಇರುವ ಗೇಣುದ್ದದ ಬೂದು ಹಲ್ಲಿ. ಅವನು ಹುಟ್ಟಿದ್ದು ಧಾರವಾಡದ ಹೊರಗಿರುವ ಘ್ರಾಣ ಸಂಶೋಧನಾ ಕೇಂದ್ರದ ಗಾಜಿನ ಪೆಟ್ಟಿಗೆಯಲ್ಲಿ. ದಾನೇಶ್ವರಿಗೆ ಶಾಲೆಯ ದಿನಗಳಿಂದಲೂ ಮೂರ್ಛೆ ರೋಗ. ಗುಳಿಗೆ ತಪ್ಪಿಸದೆ ನುಂಗಿದರೂ ಅದು ಆಗೀಗ ಬಂದು ಕೆಡವುತ್ತಿತ್ತು. ಮೂರ್ಛೆ ಬರುವ ಮುನ್ನ ಮನುಷ್ಯನ ಬೆವರಿನಲ್ಲಿ, ಉಸಿರಿನಲ್ಲಿ ಒಂದು ಸೂಕ್ಷ್ಮ ವಾಸನೆ ಏಳುತ್ತದೆ ಎಂದು ಆ ಕೇಂದ್ರದವರು ಕಂಡುಕೊಂಡಿದ್ದರು. ಅದನ್ನು ಹಿಡಿಯುವ ಯಂತ್ರಗಳನ್ನೂ ಮಾಡಿ ನೋಡಿದ್ದರು. ಆಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿ ಯಂತ್ರಗಳು ಸರಿಯಾಗಿಯೇ ನಡೆದವು. ಮನೆಗೆ ತಂದು ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಕೂಡಲೇ ದಿಕ್ಕು ತಪ್ಪಿ ಒಂದೇ ಸಮ ಕೂಗಿಕೊಂಡವು. ಆಮೇಲೆ ಡಾಕ್ಟರ್ ರುಬೀನಾ ಸವಣೂರ ಎಂಬ ವಿಜ್ಞಾನಿ ಯಂತ್ರಗಳನ್ನು ಬದಿಗಿಟ್ಟು ಹಲ್ಲಿಯ ವಂಶವಾಹಿಗೆ ಕೈ ಹಾಕಿದರು. ಆ ಒಂದು ವಾಸನೆ ಮೂಗಿಗೆ ತಾಕಿದರೆ ಸಾಕು, ಹಲ್ಲಿ ತಡೆಯಲಾರದೆ ಲೊಚಗುಟ್ಟಬೇಕು, ಹಾಗೆ ಮಾಡಿದರು.

ನಾಲ್ಕು ವರ್ಷದ ಹಿಂದೆ ಅತ್ತೆ ಸೊಸೆ ಇಬ್ಬರೂ ಅವರ ಮುಂದೆ ಕೂತಿದ್ದಾಗ ರುಬೀನಾ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಅವರು ಹುಬ್ಬಳ್ಳಿಯವರೇ. ಪ್ರಯೋಗಾಲಯದ ಬಿಳಿ ಕೋಟು ಹಾಕಿಕೊಂಡರೂ ಮಾತು ಮಾತ್ರ ಊರಿನದೇ.

"ಹಲ್ಲಿಗೆ ನಿಮ್ಮನಿ ವಾಸನಿ ರೂಢಿ ಆಗಬೇಕ್ರಿ ಅಮ್ಮಾ. ಬರೇ ಗ್ವಾಡಿ ಮ್ಯಾಲೆ ಕುಂತರ ಆಗೂದುಲ್ಲ, ಹೊಟ್ಟಿಯೊಳಗ ಇಳೀಬೇಕು. ಅದಕ್ಕ ನಿಮ್ಮ ಅಡಿಗಿಮನಿ ಉಳಿದದ್ದು ಬಳಿದದ್ದು ತಿಂದು ಬೆಳದ ಹುಳಾನ ತಿನ್ನಿಸಬೇಕು. ಆವಾಗ ಹಿಂಗು, ಒಗ್ಗರಣಿ, ಮಸಾಲಿ ಎಲ್ಲಾ ಅದಕ್ಕ ಮನಿ ಮಂದಿ ಇದ್ದಂಗ. ಅವಕ್ಕ ಅದು ಮಾತಾಡೂದುಲ್ಲ. ಹೊಸಾ ವಾಸನಿ ಬಂದ್ರಷ್ಟ ಒದರತೈತಿ."

"ಹುಳಾ ಅಂದ್ರ ಎಂಥಾವ್ರಿ?" ಶಿವಲೀಲವ್ವ ಅನುಮಾನದಿಂದಲೇ ಕೇಳಿದ್ದಳು.

"ಜಿರ್ಲಿ."

ಶಿವಲೀಲವ್ವ ಕುರ್ಚಿಯಿಂದ ಎದ್ದುಬಿಟ್ಟಿದ್ದಳು. ಪೇಟೆಯಲ್ಲಿ ಆಕೆಯ ಸ್ವಚ್ಛತೆಗೆ ದೊಡ್ಡ ಹೆಸರಿತ್ತು. ಮೋರಿಯಲ್ಲಿ ಒಂದು ಮೀಸೆ ಅಲ್ಲಾಡಿದರೆ ಒಂದು ಕೊಡ ಕುದಿಯುವ ನೀರು ಸುರಿಯುವ ಹೆಂಗಸು. ಗಿರಾಕಿ ಕಾಲು ತೊಳೆಯದೆ ಒಳಗೆ ಬಂದರೆ, ಅವನು ಕಾರ್ಪೊರೇಟರ್ ಆಗಿರಲಿ, ತಿರುಗಿ ಕಳಿಸುವವಳು. ಅಂಥವಳಿಗೆ ಅಡುಗೆಮನೆಯ ಮಗ್ಗುಲಲ್ಲಿ ಜಿರಳೆ ಸಾಕು ಎಂದರೆ ಹೇಗಾಗಬೇಕು? ಬಾಗಿಲ ತನಕ ಹೋದವಳು ತಿರುಗಿ ಸೊಸೆಯ ಮುಖ ನೋಡಿದಳು. ಅಣ್ಣಿಗೇರಿಯಿಂದ ಬಂದ ಆ ಹುಡುಗಿ ರೊಟ್ಟಿ ಬಡಿಯಲು ಕೂತರೆ ನೋಡುವಂತಿರುತ್ತಿತ್ತು. ಆದರೆ ಬೆಂಕಿಯ ಹತ್ತಿರ ಬಿಡಲು ಯಾರಿಗೂ ಧೈರ್ಯವಿಲ್ಲದೆ ಮದುವೆಯಾದ ಮೊದಲ ವರ್ಷವೆಲ್ಲ ಉಳ್ಳಾಗಡ್ಡಿ ಹೆಚ್ಚುತ್ತ ಕೂತಿದ್ದಳು. "ಅತ್ತೀ, ಕೈ ಕಟ್ಟಿಹಾಕಿದಂಗ ಆಗೈತ್ರಿ" ಎಂದು ಒಮ್ಮೆ ಮಾತ್ರ ಅಂದಿದ್ದಳು. ಆ ಒಂದು ಮಾತು ಅತ್ತೆಯ ಹೊಟ್ಟೆಯಲ್ಲಿ ಉಳಿದುಬಿಟ್ಟಿತ್ತು.

ಶಿವಲೀಲವ್ವ ತಿರುಗಿ ಬಂದು ಕೂತಳು. "ಎಷ್ಟು ಜಿರ್ಲಿ ಬೇಕಾಗತಾವ್ರಿ?" ಅಂದಳು.

*

ಮೇವಿನ ಜಿರಳೆ ಮೋರಿಯ ಜಿರಳೆಯಲ್ಲ. ಮೈ ಅಗಲ, ನಡಿಗೆ ನಿಧಾನ. ಹಾರುವುದಿಲ್ಲ, ನುಣುಪಾದ ಗೋಡೆ ಹತ್ತಲಾರದು. ಸರಿಯಾಗಿ ಇಟ್ಟರೆ ನಾರುವುದೂ ಇಲ್ಲ. ಒಲೆಯ ಗೋಡೆಗೆ ಹೊಂದಿದ ಹಿಂದಿನ ಕೋಣೆಯಲ್ಲಿ ಅವುಗಳ ಡಬ್ಬಿಗಳನ್ನು ಇಟ್ಟರು, ಅವುಗಳಿಗೆ ಬೆಚ್ಚಗಿರಬೇಕು. ಮುಚ್ಚಳ ಕೊಯ್ದು ಸಣ್ಣ ಕಣ್ಣಿನ ತಂತಿ ಬಲೆ ಕೂಡಿಸಿದರು, ಗಾಳಿ ಆಡಬೇಕು. ಒಳಗೆ ರಟ್ಟಿನ ಮೊಟ್ಟೆ ಟ್ರೇಗಳನ್ನು ನಿಲ್ಲಿಸಿಟ್ಟರು. ಮಲಗಿಸಿದರೆ ಹಿಕ್ಕೆ ಟ್ರೇಯ ಕುಳಿಯಲ್ಲೇ ಕೂತುಕೊಳ್ಳುತ್ತದೆ, ನಿಲ್ಲಿಸಿದರೆ ಕೆಳಗೆ ಉದುರುತ್ತದೆ. ನೀರು ಬಟ್ಟಲಲ್ಲಿಟ್ಟರೆ ಮರಿಗಳು ಮುಳುಗಿ ಸಾಯುತ್ತವೆ, ಹಾಗಾಗಿ ನೀರು ಕುಡಿದು ಉಬ್ಬಿದ ಜೆಲ್ಲಿ ಹರಳು ಹಾಕಬೇಕು. ಕುಂಬಳದ ಸಿಪ್ಪೆ, ಗಜ್ಜರಿಯ ತುದಿ ಏನು ಹಾಕಿದರೂ ಉಳಿದದ್ದನ್ನು ಅವತ್ತೇ ತೆಗೆಯಬೇಕು, ಇಲ್ಲವಾದರೆ ಬೂಷ್ಟು ಬರುತ್ತದೆ. ಬೂಷ್ಟು ಬಂದರೆ ಇಡೀ ಡಬ್ಬಿ ಹೋದಂತೆಯೇ. ಸತ್ತವನ್ನು, ಕಳಚಿದ ಪೊರೆಯನ್ನು ತಿನ್ನಲು ಅಕ್ಕಿ ಕಾಳಿನಷ್ಟು ಸಣ್ಣ ಕರಿ ದುಂಬಿಗಳನ್ನೂ ಕೇಂದ್ರದವರೇ ಕೊಟ್ಟಿದ್ದರು. ಶಿವಲೀಲವ್ವ ಅವುಗಳಿಗೆ ಮುನ್ಸಿಪಾಲ್ಟಿಯವರು ಎಂದು ಹೆಸರಿಟ್ಟಳು.

ಮೊದಲ ತಿಂಗಳು ಮೂಗಿಗೆ ಸೆರಗು ಕಟ್ಟಿಕೊಂಡೇ ಡಬ್ಬಿ ತೆರೆದಳು. ಎರಡನೆಯ ತಿಂಗಳು ಸೆರಗು ಇಳಿಯಿತು. ಪೊರೆ ಬಿಟ್ಟ ಜಿರಳೆ ಹಾಲಿನಂತೆ ಬೆಳ್ಳಗಿದ್ದದ್ದನ್ನು ಮೊದಲ ಸಲ ಕಂಡಾಗ ರೋಗ ಬಂತೆಂದು ಹೌಹಾರಿ ಧಾರವಾಡಕ್ಕೆ ಫೋನು ಹಚ್ಚಿದ್ದವಳು, ಒಂದು ವರ್ಷವಾಗುವಷ್ಟರಲ್ಲಿ "ಇವತ್ತ ಒಂದು ಹೊಸಾ ಅಂಗಿ ಹಾಕ್ಕೊಂಡೈತಿ, ಬಾ ನೋಡು ದಾನಿ" ಎಂದು ಸೊಸೆಯನ್ನು ಕರೆಯತೊಡಗಿದಳು. ಮಗ ಶಂಭುಲಿಂಗ ಗೂಡ್ಸ್ ಗಾಡಿಯ ಗಾರ್ಡು, ಮನೆಗಿಂತ ಹಳಿಯ ಮೇಲೆ ಇರುವುದೇ ಹೆಚ್ಚು. ಅವನು ಬಂದಾಗ ಅವ್ವ ಮಗನಿಗಿಂತ ಮೊದಲು ಜಿರಳೆಗೆ ಬಡಿಸುತ್ತಾಳೆ ಎಂದು ಗಿರಾಕಿಗಳ ಮುಂದೆ ದೂರು ಹೇಳುತ್ತಿದ್ದ.

ಎರಡು ತಿಂಗಳಿಗೊಮ್ಮೆ ಹಿಕ್ಕೆ ಜರಡಿ ಹಿಡಿಯುವ ಕೆಲಸ. ಆ ಹಿಕ್ಕೆ ಒಣ ಪುಡಿಯಂಥದು, ಗಿಡಕ್ಕೆ ಒಳ್ಳೆಯ ಗೊಬ್ಬರ. ಕಾಯಿಪಲ್ಯ ಮಾರುವ ಫಕೀರಪ್ಪ ಅದನ್ನು ಚೀಲದಲ್ಲಿ ತುಂಬಿಕೊಂಡು ಹೋಗಿ ಊರ ಹೊರಗಿನ ತನ್ನ ಕೊತ್ತಂಬರಿ ಮಡಿಗೆ ಹಾಕುತ್ತಿದ್ದ. ಬದಲಿಗೆ ಎಲೆಕೋಸಿನ ಹೊರ ಎಲೆ, ಮೂಲಂಗಿ ತಪ್ಪಲು ಬುಟ್ಟಿಗಟ್ಟಲೆ ತಂದು ಹಾಕುತ್ತಿದ್ದ. ಹಿಕ್ಕೆಯನ್ನು ಪೂರಾ ತೆಗೆಯಬಾರದು, ಒಂದೊಂದು ಬೊಗಸೆ ಹಳೆಯದನ್ನು ಡಬ್ಬಿಯಲ್ಲೇ ಬಿಡಬೇಕು ಎಂದು ರುಬೀನಾ ಹೇಳಿದ್ದರು. ಯಾಕೆ ಎಂದು ಶಿವಲೀಲವ್ವ ಕೇಳಿರಲಿಲ್ಲ. ಬಿಡುವಾಗೆಲ್ಲ ಕೈ ತುರಿಸುತ್ತಿತ್ತು, ಅಷ್ಟೆ. ಕಸ ಬಳಿದ ಮೇಲೆ ಮೂಲೆಯಲ್ಲಿ ಒಂದಿಷ್ಟು ಕಸ ಬೇಕೆಂದೇ ಬಿಡುವುದು ಎಂಥ ಪದ್ಧತಿ?

ನಾಲ್ಕನೆಯ ವರ್ಷದ ಯುಗಾದಿ ಬಂತು. ಹಾಸಿಗೆ, ಕೌದಿ, ಪರದೆ, ಡಬ್ಬಿ ಡಬರಿ ಎಲ್ಲ ಅಂಗಳಕ್ಕೆ ಬಂದವು. ಇಡೀ ಮನೆ ತೊಳೆದು ಫಳಫಳ ಮಾಡಿದ ಮೇಲೆ ಶಿವಲೀಲವ್ವನ ಕಣ್ಣು ಈ ಸಲ ಹಿಂದಿನ ಕೋಣೆಯ ಮೇಲೂ ಬಿತ್ತು. ಮನೆಯ ಉಳಿದ ಜೀವಗಳಿಗೆಲ್ಲ ಹಬ್ಬ, ಇವುಗಳಿಗೆ ಮಾತ್ರ ಹಳೆಯ ಹೊಲಸೇ? ಜರಡಿ ಹಿಡಿದು ಹಿಕ್ಕೆಯನ್ನೆಲ್ಲ ಚೀಲಕ್ಕೆ ತುಂಬಿ ಫಕೀರಪ್ಪನಿಗೆ ಕೊಟ್ಟಳು, ಒಂದು ಚಿಟಿಕೆಯೂ ಬಿಡಲಿಲ್ಲ. ಬೇವಿನ ತಪ್ಪಲು ಹಾಕಿ ಕುದಿಸಿದ ನೀರಿನಿಂದ ಡಬ್ಬಿಗಳನ್ನು ತಿಕ್ಕಿ ತೊಳೆದಳು. ಹಬ್ಬದ ಬೆಳಗ್ಗೆ ಎಲ್ಲರೂ ಬೇವು ಬೆಲ್ಲ ತಿಂದ ಮೇಲೆ, ತನ್ನ ತವರಿನಲ್ಲಿ ಎತ್ತು ಎಮ್ಮೆಗಳಿಗೂ ಕೊಡುತ್ತಿದ್ದುದು ನೆನಪಾಗಿ, ಡಬ್ಬಿಗೊಂದು ಉಂಡೆ ಬೇವು ಬೆಲ್ಲ ಇಟ್ಟಳು. ಎಳೆ ಎಲೆಯನ್ನು ಕೈ ಬಿಚ್ಚಿ ಹಾಕಿದ್ದಳು. ಬೆಲ್ಲದ ಆಸೆಗೆ ಅವು ಮುತ್ತಿಕೊಂಡು ತಿಂದವು. ಉಳಿದ ಬೇವಿನ ಎಲೆಯನ್ನು ಒಣಗಿಸಿ ಟ್ರೇಗಳ ಕೆಳಗೆ ಹಾಸಿದಳು, ಮೈಗೆ ಒಳ್ಳೆಯದೆಂದು. "ವರ್ಷ ಪೂರ್ತಿ ಗಟ್ಟ್ಯಾಗಿ ಇರ್ರೆವಾ" ಎಂದು ಹರಸಿ ಮುಚ್ಚಳ ಹಾಕಿದಳು.

*

ಬಿಸಿಲು ಏರಿದಂತೆ ಡಬ್ಬಿಗಳಲ್ಲಿ ಏನೋ ಬಿಗಡಾಯಿಸಿತು. ಮರಿಗಳು ಪೊರೆ ಬಿಡುತ್ತಿರಲಿಲ್ಲ. ಬೆನ್ನು ಸೀಳುವಷ್ಟು ಬಂದು, ಅರ್ಧ ಮೈ ಹೊರಗೆ ಅರ್ಧ ಒಳಗೆ ಸಿಕ್ಕಿಕೊಂಡು ಸತ್ತಿರುತ್ತಿದ್ದವು. ಮುನ್ಸಿಪಾಲ್ಟಿಯವರ ಸಂಖ್ಯೆಯೂ ಕುಗ್ಗಿತು. ದೊಡ್ಡವು ಸಪ್ಪಗೆ ಮೂಲೆ ಹಿಡಿದವು. ಫೌಜದಾರ ತಿನ್ನುವುದನ್ನು ಕಡಿಮೆ ಮಾಡಿದ, ಆಮೇಲೆ ಬಿಟ್ಟೇಬಿಟ್ಟ. ಹಲ್ಲಿಯ ಬಾಲವೇ ಅದರ ಕಣಜ. ತುಂಬಿಕೊಂಡಿದ್ದ ಬಾಲ ದಿನದಿಂದ ದಿನಕ್ಕೆ ಬತ್ತಿ ಹಗ್ಗದ ತುಂಡಿನಂತಾಯಿತು. ಶಿವಲೀಲವ್ವ ದಿನವೂ ಡಬ್ಬಿ ಒರೆಸಿದಳು, ಟ್ರೇ ಬದಲಿಸಿದಳು. ಒರೆಸಿದಷ್ಟೂ ಅವು ಸತ್ತವು.

ಒಂದು ಮಧ್ಯಾಹ್ನ ಖಾನಾವಳಿ ತುಂಬಿತ್ತು. ದಾನೇಶ್ವರಿ ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರುತ್ತಿದ್ದಳು. ಗೋಡೆಯ ಮೇಲೆ ಫೌಜದಾರ ಕಣ್ಣು ತೆರೆದೇ ಇದ್ದ. ಅವನು ಲೊಚಗುಟ್ಟಲಿಲ್ಲ. ಯಾರೂ ಟೇಬಲ್ಲು ಬಡಿಯಲಿಲ್ಲ. ಧಡ್ ಎಂಬ ಸದ್ದಿಗೆ ಶಿವಲೀಲವ್ವ ಒಳಗೆ ಓಡಿದಾಗ ಸೊಸೆ ಒಲೆಯ ಬುಡದಲ್ಲಿ ಬಿದ್ದಿದ್ದಳು, ಹಂಚು ಪಕ್ಕಕ್ಕೆ ಉರುಳಿತ್ತು, ಮುಂಗೈ ಸುಟ್ಟಿತ್ತು. ಇನ್ನೊಂದು ಗೇಣು ಈಚೆ ಬಿದ್ದಿದ್ದರೆ ಮುಖವೇ ಹಂಚಿನ ಮೇಲೆ ಇರುತ್ತಿತ್ತು. ಆ ಗೇಣು ಶಿವಲೀಲವ್ವನ ಕಣ್ಣ ಮುಂದೆ ಎಷ್ಟೋ ದಿನ ಹಾಗೇ ನಿಂತಿತ್ತು.

ದಾನೇಶ್ವರಿ ಮತ್ತೆ ಉಳ್ಳಾಗಡ್ಡಿಯ ಬುಟ್ಟಿಯ ಮುಂದೆ ಕೂತಳು. ಅಳಲಿಲ್ಲ, ಯಾರ ಮೇಲೂ ಸಿಟ್ಟಾಗಲಿಲ್ಲ. ಅದನ್ನು ನೋಡುವುದೇ ಕಷ್ಟವಾಗುತ್ತಿತ್ತು.

*

ಸತ್ತ ಮರಿಗಳನ್ನು ಕಟ್ಟಿಕೊಂಡು ಅತ್ತೆ ಸೊಸೆ ಧಾರವಾಡಕ್ಕೆ ಹೋದರು. ಪ್ರಯೋಗಾಲಯದಲ್ಲಿ ಗೋಡೆ ತುಂಬ ಗಾಜಿನ ಪೆಟ್ಟಿಗೆಗಳು, ಪೆಟ್ಟಿಗೆಗೊಂದು ಹಲ್ಲಿ. ಎಲ್ಲವೂ ಒಟ್ಟಿಗೆ ತಿರುಗಿ ಶಿವಲೀಲವ್ವನನ್ನೇ ನೋಡಿದಂತಾಯಿತು. ರುಬೀನಾ ಸತ್ತ ಮರಿಯೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಪರದೆಯ ಮೇಲೆ ಅದು ಬೆಕ್ಕಿನಷ್ಟು ದೊಡ್ಡದಾಗಿ ಮೂಡಿತು: ಹಳೆಯ ಚರ್ಮದೊಳಗೆ ಕೈಕಾಲು ಸಿಕ್ಕಿಕೊಂಡ ಕೂಸು.

"ಇವಕ್ಕ ಪೊರಿ ಬಿಡ್ರಿ ಅಂತ ಮೈಯೊಳಗ ಒಂದು ಹಾರ್ಮೋನು ಹೇಳತೈತಿ. ಆ ಮಾತು ಇವಕ್ಕ ಮುಟ್ಟಿಲ್ಲ. ಯಾವುದೋ ಕೀಟನಾಶಕ ಅಡ್ಡ ನಿಂತೈತಿ. ಮನ್ಯಾಗ ಔಷಧ ಏನರ ಹೊಡದೀರೇನ್ರಿ?"

"ನಮ್ಮ ಅಡಿಗಿಮನ್ಯಾಗ ಔಷಧನ? ಏನ್ ಮಾತಾಡ್ತೀರಿ ಡಾಕ್ಟರಬಾಯಿ! ಸ್ವಚ್ಛ ಇಟ್ಟೇನಿ, ಅಷ್ಟ."

"ಹಂಗಾರ ಮೇವಿನಾಗ ಬಂದಿರಬೇಕು. ನಾ ಪರೀಕ್ಷಾ ಮಾಡಿ ಹೇಳತೀನಿ." ರುಬೀನಾ ದಾನೇಶ್ವರಿಯ ಕಡೆ ನೋಡಿದರು. "ಒಂದು ಮಾತು ಮೊದಲ ಹೇಳಿಬಿಡತೀನಿ. ಹೊರಗಿನ ಜಿರ್ಲಿ ತಿನ್ನಿಸಿದ್ರ ಫೌಜದಾರ ಹಿಂಗು ಹಾಕಿದಾಗೊಮ್ಮೆ ಒದರತಾನ. ನಿಮ್ಮನಿ ಹುಳದ ವಂಶನ ಹೋತಂದ್ರ ಇವನ್ನ ನಿಮ್ಮಲ್ಲಿ ಇಟ್ಟೂ ಉಪಯೋಗಿಲ್ಲ. ಇಂಥಾ ಹಲ್ಲಿಗೆ ಕಾಯೋ ಮಂದಿ ಭಾಳ ಅದಾರ. ಫೌಜದಾರನ ವಾಪಸ್ ತೊಗೋಬೇಕಾಗತೈತಿ."

ದಾನೇಶ್ವರಿ ತಲೆಯಾಡಿಸಿದಳು. ಶಿವಲೀಲವ್ವನಿಗೆ ಮಾತ್ರ ಮೇವು ಎಂಬ ಮಾತು ತಲೆಗೆ ಹೊಕ್ಕು ಕೂತಿತು. ಮೇವು ಕೊಡುವವನು ಯಾರು? ಫಕೀರಪ್ಪ.

ಮರುದಿನ ಕೈಗಾಡಿ ತಳ್ಳಿಕೊಂಡು ಬಂದ ಫಕೀರಪ್ಪನನ್ನು ಆಕೆ ಬೀದಿಯಲ್ಲೇ ಹಿಡಿದು ನಿಲ್ಲಿಸಿದಳು. "ಎಲಿಕೋಸಿಗೆ ಏನ್ ಹೊಡೀತಿ? ಖರೇ ಹೇಳು!"

"ಏನೂ ಹೊಡ್ಯಾಂಗಿಲ್ರಿ ಅಕ್ಕಾರ. ನಿಮಗ ಕೊಡೋ ತಪ್ಪಲಾ ನಮ್ಮನಿ ಮಂದೀನೂ ತಿಂತೀವಿ."

"ಸುಳ್ಳ ಹೇಳಬ್ಯಾಡ! ನನ್ನ ಸೊಸಿ ಕೈ ಸುಟ್ಟೈತಿ, ನೋಡ ಹೋಗು ಒಳಗ. ನೀ ಹೊಡದ ಔಷಧದಿಂದ ಸುಟ್ಟೈತಿ!"

ಓಣಿಯ ಜನ ಸೇರಿತು. ಫಕೀರಪ್ಪ ಮಾತು ಬೆಳೆಸಲಿಲ್ಲ. ಮುಖ ಕೆಂಪಾಗಿತ್ತು. "ನಾಲ್ಕು ವರ್ಷ ನಿಮ್ಮ ಮನಿ ಬಾಗಲಿಗೆ ಬಂದೀನ್ರಿ. ಇವತ್ತ ನನ್ನ ವಿಷಾ ಹಾಕಾಂವ ಅಂದ್ರಿ. ನಿಮ್ಮ ಗೊಬ್ಬರಾನೂ ಬ್ಯಾಡ, ನಿಮ್ಮ ಯಾಪಾರಾನೂ ಬ್ಯಾಡ" ಎಂದು ಗಾಡಿ ತಿರುಗಿಸಿಕೊಂಡು ಹೋದ. ಶಿವಲೀಲವ್ವ ಗೆದ್ದವಳಂತೆ ಒಳಗೆ ಬಂದಳು. ಬಂದು ಡಬ್ಬಿಯಲ್ಲಿ ಒಣಬೇವಿನ ಎಲೆ ತೀರಿತ್ತೆಂದು ಮತ್ತಷ್ಟು ಹಾಕಿದಳು.

*

ಪರೀಕ್ಷೆಯ ಫಲಿತಾಂಶ ಬಂದಾಗ ಮಳೆಗಾಲ ಶುರುವಾಗಿತ್ತು. ರುಬೀನಾ ಇಬ್ಬರನ್ನೂ ಕರೆಸಿಕೊಂಡು ಪರದೆಯ ಮೇಲೆ ಏರಿಳಿಯುವ ಗೆರೆಯೊಂದನ್ನು ತೋರಿಸಿದರು. ಒಂದು ಕಡೆ ಆ ಗೆರೆ ಕೋಡಿನಂತೆ ನೆಟ್ಟಗೆ ಎದ್ದಿತ್ತು.

"ಇದು ಕಾರ್ಖಾನಿ ಔಷಧ ಅಲ್ಲರಿ ಅಮ್ಮಾ. ಕಾಯಿಪಲ್ಯಾದವಂದೇನೂ ತಪ್ಪಿಲ್ಲ. ಇದು ಗಿಡದ್ದು. ಹುಳದ ಹಾರ್ಮೋನಿಗೆ ಅಡ್ಡ ಬರೋ ಕಹಿ ಪದಾರ್ಥ. ನಮ್ಮ ಕಡೆ ಇದು ಇರೋದು ಒಂದ ಗಿಡದಾಗ. ಬೇವು."

ಗಾಜಿನ ಪೆಟ್ಟಿಗೆಯೊಂದರಲ್ಲಿ ಹಲ್ಲಿ ಸರಿದಾಡಿತು. ಶಿವಲೀಲವ್ವನ ಕಿವಿ ಬಿಸಿಯಾಯಿತು. ತನ್ನ ಮನೆಯ ಜೋಳದ ಕಣಜಕ್ಕೆ ಹುಳ ಹತ್ತಬಾರದೆಂದು ವರ್ಷ ವರ್ಷ ಬೇವಿನ ಎಲೆ ಬೆರೆಸುವವಳು ತಾನೇ. ಕೌದಿಯ ಮಡಿಕೆಯಲ್ಲಿ ಇಡುವವಳು ತಾನೇ. ಬೇವು ಹುಳಕ್ಕೆ ಆಗದು ಎಂದು ಈ ಡಾಕ್ಟರಬಾಯಿ ಹುಟ್ಟುವ ಮೊದಲೇ ತನಗೆ ಗೊತ್ತಿತ್ತು. ಸುಮ್ಮನಿದ್ದರೆ ಎಲ್ಲಿಂದ ಬಂತೋ ಎಂದು ಹೋಗಿಬಿಡುತ್ತದೆ, ಎಂದು ಮನಸ್ಸು ಒಂದು ಕ್ಷಣ ಪಿಸುಗುಟ್ಟಿತು. ಸೊಸೆಯ ಸುಟ್ಟ ಕಲೆಯ ಮುಂಗೈ ಅಲ್ಲೇ ಮೇಜಿನ ಮೇಲಿತ್ತು.

"ನಾನ ಹಾಕೀನ್ರಿ" ಅಂದಳು. "ಯುಗಾದಿಗೆ ಬೇವು ಬೆಲ್ಲ ತಿನ್ನಿಸೀನಿ. ಬೇವಿನ ನೀರಿಲೆ ಡಬ್ಬಿ ತೊಳದೀನಿ. ಎಲಿನೂ ಹಾಸೀನಿ, ಮೆತ್ತಗ ಆಗ್ಯಾವು, ಗುಣ ಆಗಲಿ ಅಂತ ಮತ್ತಷ್ಟು ಹಾಸೀನಿ." ಸೊಸೆಯ ಕೈಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಅವು ಹುಳಾ ಅನ್ನೂದ ಮರತಿದ್ನಿ ಡಾಕ್ಟರಬಾಯಿ. ಮನಿ ಕೂಸು ಇದ್ದಂಗ ಆಗಿದ್ವು."

ದಾನೇಶ್ವರಿ ಅತ್ತೆಯ ಮುಖ ನೋಡಿದಳು. ಅವಳ ತುಟಿ ನಡುಗಿತು. ಅಳುತ್ತಾಳೆ ಎಂದುಕೊಂಡರೆ, ಫಕ್ಕನೆ ನಗು ಬಂದುಬಿಟ್ಟಿತು. "ಅತ್ತೀ... ಜಿರ್ಲಿಗೆ ಬೇವು ಬೆಲ್ಲ?" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ತಿಂಗಳುಗಟ್ಟಲೆ ಬಿಗಿಹಿಡಿದಿದ್ದುದೆಲ್ಲ ಆ ನಗುವಿನಲ್ಲಿ ಹೊರಬಂತು. ರುಬೀನಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಶಿವಲೀಲವ್ವನಿಗೂ ಅಳುವುದೋ ನಗುವುದೋ ತಿಳಿಯದೆ ಎರಡೂ ಒಟ್ಟಿಗೇ ಆಯಿತು.

ನಗು ಇಳಿದ ಮೇಲೆ ರುಬೀನಾರ ಮುಖ ಗಂಭೀರವಾಯಿತು. "ಬೇವು ತೆಗದ್ರೂ ಈ ಡಬ್ಬಿ ಉಳಿಯೂದುಲ್ಲ. ದೊಡ್ಡವು ಇನ್ನ ಮರಿ ಹಾಕೂದುಲ್ಲ. ಹಳೇ ಹಿಕ್ಕಿ ಸ್ವಲ್ಪ ಬಿಡ್ರಿ ಅಂತ ಯಾಕ ಹೇಳಿದ್ನಿ ಗೊತ್ತೈತೇನು? ಮರಿಗಳು ದೊಡ್ಡವರ ಹಿಕ್ಕಿ ತಿಂದ ಹೊಟ್ಟಿಗೆ ಬೇಕಾದ ಸೂಕ್ಷ್ಮಜೀವಿ ತೊಗೊಳ್ತಾವ. ಅದನ್ನೂ ತೊಳದಬಿಟ್ಟೀರಿ. ಹಬ್ಬಕ್ಕ ಜರಡಿ ಹಿಡದ ಹಿಕ್ಕಿ ಏನ್ ಮಾಡಿದ್ರಿ?"

"ಫಕೀರಪ್ಪಗ ಕೊಟ್ಟೆ. ಒಂದು ಚೀಲಾ."

"ಬೇವು ಹಾಕೂಕಿಂತ ಮೊದಲ ಕೊಟ್ಟದ್ದು?"

"ಹಿಂದಿನ ದಿನ."

ರುಬೀನಾ ಕುರ್ಚಿಯಿಂದ ಮುಂದಕ್ಕೆ ಬಾಗಿದರು. "ಈಗ ಹುಟ್ಟಿದ ಮರಿ ಎಳ್ಳಿಗಿಂತ ಸ್ವಲ್ಪ ದೊಡ್ಡದು ಇರತೈತಿ, ಜರಡಿ ಕಣ್ಣಾಗ ಹಿಕ್ಕಿ ಕೂಡ ಜಾರಿ ಹೋಗತೈತಿ. ಯಾರಿಗೂ ಕಾಣೂದುಲ್ಲ. ಆ ಚೀಲ ಒಣಾ ಜಾಗಾದಾಗ ಇದ್ರ, ಅಂವ ಅದನ್ನ ಮಣ್ಣಿಗೆ ಹಾಕಿರಲಿಲ್ಲಂದ್ರ... ಅಮ್ಮಾ, ಲಗೂನ ಹೋಗ್ರಿ."

*

ಜಗಳವಾಡಿದವನ ಬಾಗಿಲಿಗೆ ಹೋಗುವುದು ಶಿವಲೀಲವ್ವನ ಜಾಯಮಾನದಲ್ಲೇ ಇರಲಿಲ್ಲ. ಆವತ್ತು ಧಾರವಾಡದಿಂದ ಬಂದ ಬಸ್ಸಿಳಿದು, ಮನೆಗೂ ಹೋಗದೆ, ಸೊಸೆಯ ಜೊತೆ ಆಟೋ ಹತ್ತಿ ನೇರ ಫಕೀರಪ್ಪನ ತೋಟಕ್ಕೆ ಹೋದಳು. ಅವನು ಮೆಂತ್ಯ ಕಟ್ಟುತ್ತ ಕೂತಿದ್ದ. ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದ.

"ತಪ್ಪು ನಂದು ಫಕೀರಪ್ಪ" ಅಂದಳು ಶಿವಲೀಲವ್ವ ನಿಂತಲ್ಲಿಂದಲೇ. "ವಿಷಾ ಹಾಕಿದಾಕಿ ನಾನ. ಓಣಿ ಮುಂದ ನಿನ್ನ ಮರ್ಯಾದಿ ಕಳದ್ನಿ, ಅದ ಓಣಿ ಮುಂದ ನಾಳೆ ಇದನ್ನೂ ಹೇಳತೀನಿ. ಯುಗಾದಿ ಗೊಬ್ಬರದ ಚೀಲ ಎಲ್ಲಿ ಐತಿ, ಅಷ್ಟ ಹೇಳು."

ಫಕೀರಪ್ಪ ಮೆಂತ್ಯದ ಕಟ್ಟು ಕೆಳಗಿಟ್ಟ. "ಅಕ್ಕಾರ, ಮಳಿ ಬಿದ್ದ ಮ್ಯಾಲೆ ಕೊತ್ತಂಬರಿಗೆ ಹಾಕೂಣಂತ ಇಟ್ಟಿದ್ನಿ. ನೀವು ಬೈದ ದಿನ ಸಿಟ್ಟು ಬಂದು ಒದ್ದು ಗುಡಸಲದೊಳಗ ಒಗದೀನ್ರಿ. ಮುಟ್ಟಬಾರದು ಅಂತ ಆಣಿ ಮಾಡೀನಿ."

"ನಿನ್ನ ಸಿಟ್ಟು ತಣ್ಣಗಿರಲಿ!" ಎಂದು ಶಿವಲೀಲವ್ವ ಗುಡಿಸಲಿನತ್ತ ಓಡಿದಳು. ಆ ವಯಸ್ಸಿನಲ್ಲಿ, ಆ ಕೆಸರಿನಲ್ಲಿ ಆಕೆ ಓಡಿದ್ದನ್ನು ಫಕೀರಪ್ಪ ಆಮೇಲೆ ಬಹಳ ದಿನ ಎಲ್ಲರಿಗೂ ನಟಿಸಿ ತೋರಿಸುತ್ತಿದ್ದ.

ಚೀಲ ಗುದ್ದಲಿ ಸಲಿಕೆಗಳ ಹಿಂದೆ ಬಿದ್ದಿತ್ತು, ಬಾಯಿ ಕಟ್ಟಿದ ಹಾಗೇ. ದಾನೇಶ್ವರಿ ಕಿವಿ ಹಚ್ಚಿದಳು. ಒಣ ಎಲೆಯ ಮೇಲೆ ತುಂತುರು ಮಳೆ ಬಿದ್ದಂಥ ಸಣ್ಣ ಸದ್ದು. "ಅತ್ತೀ" ಅಂದಳು, ಅಷ್ಟೇ. ಬಾಯಿ ಬಿಚ್ಚಿದರು. ಕಂದು ಪುಡಿಯ ಮೇಲೆ ಬೆರಳ ಉಗುರಿನಷ್ಟು ಬೆಳೆದ ಮರಿಗಳು ಬೆಳಕಿಗೆ ಹೆದರಿ ಒಳಕ್ಕೆ ತೂರಿಕೊಂಡವು. ಒಂದಲ್ಲ ಎರಡಲ್ಲ. ಹಳೆಯ ಎಲೆಯ ಚೂರು, ಕಳಚಿದ ಪೊರೆ, ಹಿಕ್ಕೆ, ಸಿಕ್ಕಿದ್ದನ್ನು ತಿಂದು ಇಡೀ ಬೇಸಿಗೆಯನ್ನು ಆ ಕತ್ತಲೆಯಲ್ಲಿ ಕಳೆದಿದ್ದವು. ಅವುಗಳ ನಡುವೆ ಒಂದು, ಆಗಷ್ಟೇ ಪೊರೆ ಬಿಟ್ಟು, ಹಾಲಿನಂತೆ ಬೆಳ್ಳಗೆ ನಿಂತಿತ್ತು.

"ಹೊಸಾ ಅಂಗಿ ಹಾಕ್ಕೊಂಡೈತ್ರಿ" ಅಂದಳು ದಾನೇಶ್ವರಿ. ಶಿವಲೀಲವ್ವ ಅಲ್ಲೇ ನೆಲದ ಮೇಲೆ ಕುಸಿದು ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಕೆ ತನ್ನ ಜನ್ಮದಲ್ಲಿ ಯಾವ ಹೊಲಸಿಗೂ ಅಷ್ಟು ಕೈ ಮುಗಿದಿರಲಿಲ್ಲ.

*

ಹೊಸ ಡಬ್ಬಿಗಳು ಬಂದವು. ಚೀಲದ ಹಿಕ್ಕೆಯನ್ನು ಬೊಗಸೆ ಬೊಗಸೆಯಾಗಿ ತಳಕ್ಕೆ ಹಾಕಿದರು. ರುಬೀನಾ ಬೇರೆ ದುಂಬಿಗಳನ್ನು ಕಳಿಸಿಕೊಟ್ಟರು. ಶಿವಲೀಲವ್ವ ಈಗಲೂ ದಿನ ಬೆಳಗಾದರೆ ಹಸಿ ಸಿಪ್ಪೆ ತೆಗೆಯುತ್ತಿದ್ದಳು, ಬೂಷ್ಟಿಗಾಗಿ ಮೂಲೆ ಮೂಲೆ ನೋಡುತ್ತಿದ್ದಳು. ಆದರೆ ತಿಕ್ಕುವ ಕೈಯನ್ನು ಹಿಡಿದಿಟ್ಟುಕೊಳ್ಳುವುದನ್ನು ಕಲಿತಳು. ಫಕೀರಪ್ಪ ಮತ್ತೆ ಎಲೆಕೋಸು ತಂದ. ಮೊದಲ ದಿನ ಶಿವಲೀಲವ್ವ ಇಡೀ ಓಣಿಗೆ ಕೇಳುವಂತೆ "ವಿಷಾ ಹಾಕಿದ್ದು ನಾನ್ರೆಪಾ" ಎಂದು ಕೂಗಿ ಹೇಳಿ ಅವನನ್ನು ನಾಚಿಸಿಬಿಟ್ಟಳು.

ಫೌಜದಾರ ಹೊಸ ಮರಿಯನ್ನು ನುಂಗಿದ ದಿನ ಖಾನಾವಳಿಯಲ್ಲಿ ಎಲ್ಲರಿಗೂ ಗೋಧಿ ಹುಗ್ಗಿ. ಅವನ ಬಾಲ ತುಂಬತೊಡಗಿತು. ಆದರೆ ಬಾಲ ತುಂಬಿದರೆ ಮೂಗು ತೆರೆದಿದೆ ಎಂದು ಹೇಗೆ ನಂಬುವುದು? ರುಬೀನಾ ಆಗುತ್ತದೆ ಎಂದರೂ ಶಿವಲೀಲವ್ವ ಸೊಸೆಯನ್ನು ಒಲೆಗೆ ಬಿಡಲಿಲ್ಲ. "ಒಂದ ಸಲ ಅಂವ ಒದರಲಿ. ನನ್ನ ಕಿವಿಲೆ ಕೇಳತೀನಿ. ಆಮ್ಯಾಲೆ ಕುಂದ್ರುವಂತಿ" ಅಂದಳು. ಸೊಸೆಗೆ ಮೂರ್ಛೆ ಬರಲಿ ಎಂದು ಯಾವ ಬಾಯಿಂದ ಬೇಡಿಕೊಳ್ಳುವುದು? ಬರದಿರಲಿ ಎಂದು ಬೇಡಿಕೊಂಡರೆ ಆ ಹುಡುಗಿ ಉಳ್ಳಾಗಡ್ಡಿ ಬುಟ್ಟಿಯ ಮುಂದೆಯೇ ಮುದುಕಿಯಾಗುತ್ತಾಳೆ. ಶಿವಲೀಲವ್ವ ದೇವರ ಮುಂದೆ ದೀಪ ಹಚ್ಚಿ ಏನನ್ನೂ ಕೇಳದೆ ಎದ್ದುಬರುತ್ತಿದ್ದಳು.

ಶ್ರಾವಣದ ಒಂದು ಸೋಮವಾರ. ಊಟದ ಹೊತ್ತು, ಒಂದು ಟೇಬಲ್ಲೂ ಖಾಲಿಯಿಲ್ಲ. ಶಿವಲೀಲವ್ವ ಒಲೆಯ ಮೇಲಿನ ಒಗ್ಗರಣೆಗೆ ಹಿಂಗು ಹಾಕಿ ಹೊರಗೆ ಬಂದು, ಪುಂಡಿಪಲ್ಯದಲ್ಲಿ ಉಪ್ಪು ಕಡಿಮೆ ಎಂದ ಗಿರಾಕಿಯೊಬ್ಬನ ಜೊತೆ ವಾದಕ್ಕೆ ನಿಂತಿದ್ದಳು. ಒಳಗಿನಿಂದ, ಒಗ್ಗರಣೆಯ ಚಟಪಟದ ನಡುವೆ, ಸಣ್ಣಗೆ ಬಂತು.

ಲೊಚ್. ಲೊಚ್ ಲೊಚ್.

ಮೂಲೆಯಲ್ಲಿ ಕೂತ ಹಳೆಯ ಗಿರಾಕಿಯೊಬ್ಬರು ಎಡಗೈ ಎತ್ತಿ ಟಕ್ ಎಂದು ಟೇಬಲ್ಲು ಬಡಿದರು. ಪಕ್ಕದವರು ಬಡಿದರು. ಉಪ್ಪಿನ ಗಿರಾಕಿಯೂ ಬಡಿದ. ಇಡೀ ಖಾನಾವಳಿಯಲ್ಲಿ ಟಕಟಕ ಸದ್ದೆದ್ದಿತು. ಶಿವಲೀಲವ್ವ ಒಳಗೆ ಹೋಗುವಷ್ಟರಲ್ಲಿ ದಾನೇಶ್ವರಿ ಈಳಿಗೆಯನ್ನು ಮಡಚಿ ಬದಿಗಿಟ್ಟು ಚಾಪೆಯ ಮೇಲೆ ಮಗ್ಗುಲಾಗಿದ್ದಳು.

ಕಾದರು. ಏನೂ ಆಗಲಿಲ್ಲ. ದಾನೇಶ್ವರಿ ಕಣ್ಣು ಬಿಟ್ಟು ಸೂರು ನೋಡುತ್ತಿದ್ದಳು. ಈಗ ತಾನೇ ಹಿಂಗು ಬಿದ್ದಿದೆ, ಅದಕ್ಕೇ ಒದರಿದನೇನೋ ಎಂದು ಶಿವಲೀಲವ್ವನಿಗೆ ಅನುಮಾನ ಬಂತು. "ಸುಳ್ಳ ಒದರಿದೇನೋ ಮೂಳಾ?" ಎಂದು ಗೋಡೆಯ ಕಡೆ ನೋಡಿದಳು. ಫೌಜದಾರ ಕಣ್ಣು ಮಿಟುಕಿಸದೆ ದಾನೇಶ್ವರಿಯನ್ನೇ ನೋಡುತ್ತಿದ್ದ. ಮತ್ತೆ ಲೊಚಗುಟ್ಟಿದ.

ಆಗ ಬಂತು. ಕೈ ಸೆಟೆದವು, ಮೈ ಅದುರಿತು. ಶಿವಲೀಲವ್ವ ಸೊಸೆಯ ತಲೆಯ ಕೆಳಗೆ ಮಡಚಿದ ಕೌದಿ ಇಟ್ಟು, ಮುಖ ಒಂದು ಕಡೆ ತಿರುಗಿರುವಂತೆ ಹಿಡಿದಳು. ಹೊರಗಿನಿಂದ ಯಾರೋ ಕಬ್ಬಿಣದ ಕೀಲಿ ಕೊಡಿರಿ ಅಂದದ್ದಕ್ಕೆ, "ಕೀಲಿ ನಿಮ್ಮ ಬಾಯಿಗೆ ಹಾಕ್ಕೋರಿ" ಎಂದು ಗದರಿದಳು. ಅಕ್ಕಪಕ್ಕ ಬೆಂಕಿಯಿಲ್ಲ, ಹಂಚಿಲ್ಲ, ಈಳಿಗೆಯಿಲ್ಲ. ಬರಿಯ ಚಾಪೆ. ಬಂದದ್ದು ಬಂದಂತೆ ಹೋಯಿತು. ಹೊರಗೆ ಅಷ್ಟು ಜನ ರೊಟ್ಟಿ ಮುರಿಯದೆ ಕೂತೇ ಇದ್ದರು.

ಸ್ವಲ್ಪ ಹೊತ್ತಿನ ಮೇಲೆ ದಾನೇಶ್ವರಿ ಕಣ್ಣು ತೆರೆದಳು. ಎಲ್ಲಿದ್ದೇನೆಂದು ತಿಳಿಯಲು ತುಸು ಹೊತ್ತು ಬೇಕಾಯಿತು. ಮೊದಲು ಗೋಡೆ ನೋಡಿದಳು, ಆಮೇಲೆ ಅತ್ತೆಯನ್ನು.

"ಒದರಿದನೇನ್ರಿ?"

"ಒದರಿದ ನನ ಕೂಸ. ಎರಡ ಸಲ ಒದರಿದ." ಶಿವಲೀಲವ್ವನ ಕಣ್ಣೀರು ಸೊಸೆಯ ಹಣೆಯ ಮೇಲೆ ಬಿತ್ತು. ಮಗ್ಗುಲಲ್ಲೇ ಮೂರ್ಛೆ ಬಂದು ಹೋಗಿದ್ದರೂ ಆಕೆಗೆ ಅಷ್ಟು ಹಗುರವೆನಿಸಿ ಎಷ್ಟೋ ತಿಂಗಳಾಗಿತ್ತು.

"ಹಂಗಾರ ನಾಳೆ ರೊಟ್ಟಿ ನಾನ ಬಡಿತೀನ್ರಿ" ಅಂದಳು ದಾನೇಶ್ವರಿ. ಅಂದು ಮಗ್ಗುಲು ಬದಲಿಸಿ ನಿದ್ದೆ ಹೋದಳು.

ಶಿವಲೀಲವ್ವ ಹೊರಗೆ ಬಂದು "ಉಣ್ರೆಪಾ, ಆರಾಮ ಅದಾಳ" ಎಂದು ಎಲ್ಲರಿಗೂ ಕೈ ಮುಗಿದಳು. ಉಪ್ಪಿನ ಗಿರಾಕಿಗೆ ಮಾತಿಲ್ಲದೆ ಉಪ್ಪು ಬಡಿಸಿದಳು. ಆಮೇಲೆ ಒಂದು ತುಂಡು ಬೆಲ್ಲ ಮುರಿದುಕೊಂಡು ಹಿಂದಿನ ಕೋಣೆಗೆ ಹೋಗಿ, ಡಬ್ಬಿಯ ಮುಚ್ಚಳ ತೆರೆದು, ಮೊಟ್ಟೆ ಟ್ರೇಯ ತುದಿಯಲ್ಲಿ ಇಟ್ಟಳು. ಒಂದೊಂದಾಗಿ ಮೀಸೆಗಳು ಹೊರಗೆ ಬಂದವು.

"ತಿನ್ರೆವಾ" ಅಂದಳು. "ಇನ್ನ ಮ್ಯಾಲೆ ಯುಗಾದಿಗೆ ಬೇವೆಲ್ಲಾ ನನಗ. ನಿಮಗ ಬರೇ ಬೆಲ್ಲ."